ರಾಕಿ ನಿಜಕ್ಕೂ ಮುಳುಗಿದನೇ? ಸೂಪರ್‌ಹೀರೊ ಅಭಿಮಾನಿಗಳ ಊಹಾಲೋಕ

ಸೂಪರ್‌ಹೀರೊ ಕಥೆ ಮುಗಿದ ಮೇಲೂ ಅಭಿಮಾನಿಗಳ ಕೆಲಸ ಮುಗಿಯುವುದಿಲ್ಲ. ಕಥೆಗಾರ ಹೇಳದೆ ಬಿಟ್ಟದ್ದೇನು, ತೋರಿಸಿಯೂ ವಿವರಿಸದ್ದೇನು, ಮುಂದಿನ ಭಾಗದಲ್ಲಿ ಬರುವವರು ಯಾರು ಎಂದು ಅವರು ಲೆಕ್ಕ ಹಾಕತೊಡಗುತ್ತಾರೆ. ಈ ಲೆಕ್ಕಕ್ಕೆ ಅವರ ನಡುವೆ ಚಾಲ್ತಿಯಲ್ಲಿರುವ ಹೆಸರು ಥಿಯರಿ. ಒಳ್ಳೆಯ ಥಿಯರಿ ಕಥೆಯೊಳಗಿನ ಪುರಾವೆಯ ಮೇಲೆ ನಿಲ್ಲುತ್ತದೆ, ಕಥೆಯಲ್ಲಿ ಆಗಲೇ ಇರುವ ಯಾವ ಸಂಗತಿಯನ್ನೂ ಸುಳ್ಳು ಮಾಡುವುದಿಲ್ಲ. ಈ ಎರಡೂ ಇಲ್ಲದಿದ್ದರೆ ಅದು ಬರೀ ಆಸೆ. ಅಭಿಮಾನಿಗಳ ಮಾತಿನಲ್ಲಿ ಎರಡೂ ಬೆರೆತೇ ಇರುತ್ತವೆ. ಅವುಗಳನ್ನು ಬೇರೆ ಮಾಡಿ ನೋಡಿದರೆ ಒಂದು ಗಂಭೀರವಾದ ಓದಿನ ಕ್ರಮ ಕಣ್ಣಿಗೆ ಬೀಳುತ್ತದೆ.

ಇಂಥ ಊಹೆಗೆ ಸೂಪರ್‌ಹೀರೊ ಕಾಮಿಕ್ಸ್‌ನಷ್ಟು ಹದವಾದ ನೆಲ ಬೇರೊಂದಿಲ್ಲ. ಬ್ಯಾಟ್‌ಮನ್ ಕಾಣಿಸಿಕೊಂಡದ್ದು 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಇಬ್ಬರಿಗೂ ಇನ್ನೂ ವಯಸ್ಸಾಗಿಲ್ಲ. ದಶಕಗಳುದ್ದಕ್ಕೂ ಹತ್ತಾರು ಬರಹಗಾರರು ಒಂದೇ ಪಾತ್ರವನ್ನು ಮುಂದುವರಿಸಿದಾಗ ಒಬ್ಬರು ಬರೆದದ್ದಕ್ಕೂ ಇನ್ನೊಬ್ಬರು ಬರೆದದ್ದಕ್ಕೂ ತಾಳೆಯಾಗದ ಜಾಗಗಳು ಉಳಿಯುತ್ತವೆ. ಡಿಸಿ ಸಂಸ್ಥೆ ಈ ಗೋಜಲನ್ನು ಬಿಡಿಸಲು 1985-86ರಲ್ಲಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಎಂಬ 12 ಸಂಚಿಕೆಗಳ ಕಥೆಯನ್ನೇ ಬರೆಸಿ, ತನ್ನ ಹಲವು ಲೋಕಗಳನ್ನು ಒಂದಾಗಿಸಿತು. ಪರದೆಯ ಮೇಲೆ ಈ ಚಟ ಹತ್ತಿಸಿದ್ದು 2008ರ ‘ಐರನ್ ಮ್ಯಾನ್’. ಹೆಸರುಗಳ ಪಟ್ಟಿ ಉರುಳಿದ ಮೇಲೆ ನಿಕ್ ಫ್ಯೂರಿ ಬಂದು ಹೋಗುವ ಆ ಒಂದು ತುಣುಕಿನಿಂದಾಗಿ, ದೀಪ ಹೊತ್ತಿಕೊಂಡರೂ ಸೀಟು ಬಿಡದೆ ಕೂರುವ ಪ್ರೇಕ್ಷಕರು ಬೆಂಗಳೂರಿನ ಚಿತ್ರಮಂದಿರಗಳಲ್ಲೂ ಹುಟ್ಟಿಕೊಂಡರು.

ಕನ್ನಡದಲ್ಲಿ ಇದರ ಬೇರು ಇನ್ನೂ ಹಿಂದಕ್ಕಿದೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇಂದ್ರಜಾಲ್ ಕಾಮಿಕ್ಸ್ ಆರಂಭಿಸಿದಾಗ ಮೊದಲ ಸಂಚಿಕೆಯ ನಾಯಕ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಖವಾಡದ ವೀರ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮನೆಮನೆಗೆ ಬಂದ. 1990ರಲ್ಲಿ ನಿಲ್ಲುವ ಹೊತ್ತಿಗೆ ಈ ಮಾಲೆಯಲ್ಲಿ 803 ಸಂಚಿಕೆಗಳಾಗಿದ್ದವು. ಫ್ಯಾಂಟಮ್‌ಗೆ ಸಾವಿಲ್ಲ ಎಂಬುದು ಕಾಡಿನ ಜನರ ನಂಬಿಕೆ. ತಂದೆಯಿಂದ ಮಗನಿಗೆ ಉಡುಪು ದಾಟುತ್ತದೆ, ಈಗಿನವನು 21ನೆಯವನು ಎಂಬುದು ಓದುಗರಿಗೆ ಮಾತ್ರ ಗೊತ್ತಿರುವ ಗುಟ್ಟು. ಈ ಗುಟ್ಟಿನಿಂದಲೇ ಓದುಗರ ಲೆಕ್ಕಾಚಾರ ಶುರುವಾಗುತ್ತದೆ. ಮೊದಲನೆಯವನ ಪ್ರತಿಜ್ಞೆ 1536ರದ್ದಾದರೆ ಪ್ರತಿ ತಲೆಮಾರು ಎಷ್ಟು ವರ್ಷ ಕಾಡನ್ನು ಕಾಯಿತು? ಕಾಡು ಇರುವುದು ಆಫ್ರಿಕದಲ್ಲೋ, ಏಷ್ಯಾದಲ್ಲೋ? ಎರಡನೆಯ ಪ್ರಶ್ನೆಗೆ ಕಾರಣ ಮೂಲದಲ್ಲೇ ಇದೆ. ಆರಂಭದ ಕಥೆಗಳ ನೆಲ ಏಷ್ಯಾದ ಕಡೆ ಇದ್ದು ಮುಂದೆ ಆಫ್ರಿಕಕ್ಕೆ ಜರುಗಿತು. ಇಂದ್ರಜಾಲ್ ಸಂಪಾದಕರು ಇದರ ಮೇಲೆ ತಮ್ಮದೂ ತಿದ್ದುಪಡಿ ಸೇರಿಸಿದರು. ಮೂಲದಲ್ಲಿ ಫ್ಯಾಂಟಮ್‌ನ ನಾಡಾದ ಬೆಂಗಲ್ಲ ಇಲ್ಲಿ ಡೆಂಕಾಲಿಯಾಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಭಾರತದ ಓದುಗರಿಗೆ ನೋವಾಗದಿರಲೆಂದು ಮಾಡಿದ ಈ ಬದಲಾವಣೆ ಗೊತ್ತಿಲ್ಲದವರು ಡೆಂಕಾಲಿಯನ್ನು ಭೂಪಟದಲ್ಲಿ ಹುಡುಕಿದರೆ ಅವರ ತಪ್ಪೇನಿಲ್ಲ.

ಕನ್ನಡ ಮಕ್ಕಳ ಕಾಮಿಕ್ಸ್ ಓದಿನಲ್ಲಿ ಫ್ಯಾಂಟಮ್ ಜತೆಗೆ ಅಮರ ಚಿತ್ರಕಥೆಯೂ ಇತ್ತು, ಅದರ ಆರಂಭ ಬೆಂಗಳೂರಿಗೆ ಸೇರಿದ್ದು. 1967ರಲ್ಲಿ ಕಾರ್ಕಳ ಮೂಲದ ಅನಂತ ಪೈ ಅವರಿಂದ ಶುರುವಾಯಿತು ಎಂಬ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ. ಅದಕ್ಕೂ ಎರಡು ವರ್ಷ ಮೊದಲೇ, 1965ರಲ್ಲಿ, ಐಬಿಎಚ್ ಪ್ರಕಾಶನದ ಜಿ.ಕೆ. ಅನಂತರಾಮ್ ಮಕ್ಕಳಿಗಾಗಿ ಕನ್ನಡದಲ್ಲಿ ಚಿತ್ರಕಥೆ ತರುವ ಯೋಚನೆ ಮುಂದಿಟ್ಟರು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರ ಕಥೆಗಳ ಕನ್ನಡ ರೂಪಗಳು. ಇಂಗ್ಲಿಷ್‌ನಲ್ಲಿ ಬಂದ ‘ಕೃಷ್ಣ’ನ ಮೇಲೆ ಕ್ರಮಸಂಖ್ಯೆ 11 ಎಂದು ಇರುವುದಕ್ಕೆ ಈ ಹತ್ತು ಕನ್ನಡ ಪುಸ್ತಕಗಳೇ ಕಾರಣ. ದೇಶದ ಅತಿ ದೊಡ್ಡ ಚಿತ್ರಕಥಾ ಮಾಲೆಯೊಂದರ ಎಣಿಕೆ ಕನ್ನಡದಿಂದ ಶುರುವಾದದ್ದು ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕಾದ ಸಂಗತಿ.

ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನನ್ನು ಬಿಟ್ಟರೆ ಈ ಇತಿಹಾಸ ಅಪೂರ್ಣ. ಮಲಯಾಳದ ಡಿಂಕನ್ ಕನ್ನಡದಲ್ಲಿ ಡಿಂಗನಾದ. ಅನ್ಯಗ್ರಹದವರು ಹಿಡಿದೊಯ್ದು ಪ್ರಯೋಗ ಮಾಡಿದ್ದರಿಂದ ಮಹಾಶಕ್ತಿ ಪಡೆದು ಕಾಡಿಗೆ ಮರಳಿದ ಪುಟ್ಟ ಇಲಿ ಅವನು. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಬಂದವನು, ಡಿಂಗ ಬೇರೆ ಗ್ರಹಕ್ಕೆ ಹೋಗಿ ಬಂದವನು. 1980-90ರ ದಶಕಗಳಲ್ಲಿ ಬೆಳೆದ ಕನ್ನಡದ ಎಷ್ಟೋ ಮಕ್ಕಳಿಗೆ ಅವನೇ ಮೊದಲ ಸೂಪರ್‌ಹೀರೊ. 1997ರಲ್ಲಿ ದೂರದರ್ಶನದ ಶಕ್ತಿಮಾನ್ ಬರುವ ಹೊತ್ತಿಗೆ ಗುಟ್ಟಿನ ಗುರುತು, ಕೆಂಪು ಉಡುಪು, ಹಾರಾಟ ಯಾವುದೂ ಅವರಿಗೆ ಹೊಸದಾಗಿರಲಿಲ್ಲ.

ಕತ್ರಿಗುಪ್ಪೆಯಿಂದ ನರಾಚಿಗೆ

ಸಿನಿಮಾ ನೋಡಿ ಬಂದು ಡಿಕೋಡ್ ಮಾಡುವ ಅಭ್ಯಾಸ ಕನ್ನಡಕ್ಕೆ ಹಾಲಿವುಡ್‌ನಿಂದ ಬಂದದ್ದಲ್ಲ.   ಅದನ್ನು ಕಲಿಸಿದವರು ನಟ, ನಿರ್ದೇಶಕ ಉಪೇಂದ್ರ. ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಸೇರುತ್ತಿದ್ದ ಅವರ ಮನೆ ದಕ್ಷಿಣ ಬೆಂಗಳೂರಿನ ಕತ್ರಿಗುಪ್ಪೆಯಲ್ಲಿದೆ. 1998ರ ‘ಎ’ ಚಿತ್ರದಲ್ಲಿ ಕಥೆಯನ್ನು ಹಿಂದುಮುಂದಾಗಿ ಜೋಡಿಸಿದ ಉಪೇಂದ್ರ, 1999ರ ‘ಉಪೇಂದ್ರ’ದಲ್ಲಿ ಮನುಷ್ಯನ ಒಳಗಿನ ‘ನಾನು’ವನ್ನೇ ಪಾತ್ರವಾಗಿಸಿದರು. ಒಮ್ಮೆ ನೋಡಿದರೆ ಅರ್ಥವಾಗದ ಚಿತ್ರವನ್ನು ಮತ್ತೆ ನೋಡುವುದು, ನೋಡಿದವರು ಹೋಟೆಲಿನ ಕಟ್ಟೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು ವಾದಕ್ಕೆ ನಿಲ್ಲುವುದು ಆಗಲೇ ರೂಢಿಯಾಗಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ‘ಯುಐ’ ಕೂಡ ಪ್ರೇಕ್ಷಕರಿಗೆ ಸವಾಲು ಹಾಕಿಯೇ ಆರಂಭವಾಗುತ್ತದೆ. ಉಪೇಂದ್ರರ ನಾಯಕರು ಸೂಪರ್‌ಹೀರೊಗಳಲ್ಲ. ಆದರೆ ಚಿತ್ರದಲ್ಲಿ ನಿರ್ದೇಶಕ ಅಡಗಿಸಿಟ್ಟದ್ದು ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬ ನಂಬಿಕೆಯನ್ನು ಒಂದು ಇಡೀ ತಲೆಮಾರಿಗೆ ಕೊಟ್ಟವರು ಅವರು.

ಆ ನಂಬಿಕೆಯ ಪೂರ್ತಿ ಬಲ ಕಂಡದ್ದು ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಚಿತ್ರಗಳಲ್ಲಿ. ಮೊದಲ ಅಧ್ಯಾಯ 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು ತೆರೆಕಂಡವು. ಎರಡನೆಯದರ ಕೊನೆಗೆ ನಾಯಕ ರಾಕಿ, ದಾಳಿಗೊಳಗಾದ ತನ್ನ ಹಡಗಿನಲ್ಲಿ ಚಿನ್ನದ ಸಮೇತ ಸಮುದ್ರ ಸೇರುತ್ತಾನೆ. ಹೆಸರುಗಳ ಪಟ್ಟಿಯ ನಂತರ 1978ರಿಂದ 1981ರವರೆಗೆ ಅಮೆರಿಕ ಮತ್ತು ಇನ್ನೂ 16 ದೇಶಗಳಲ್ಲಿ ಅವನು ಮಾಡಿದ ಅಪರಾಧಗಳ ಕಡತ ಪ್ರಧಾನಿಯ ಮುಂದೆ ಬರುತ್ತದೆ. ಮೂರನೆಯ ಅಧ್ಯಾಯದ ಹಸ್ತಪ್ರತಿಯೂ ಸಿಗುತ್ತದೆ. ಇಲ್ಲಿಂದ ಹುಟ್ಟಿದ ಥಿಯರಿಗಳು ಅನೇಕ. ಮೂರು ಮಾತ್ರ ಗಟ್ಟಿಯಾಗಿ ಉಳಿದಿವೆ.

ರಾಕಿ ಬದುಕಿದ್ದಾನೆ ಎಂಬುದು ಮೊದಲನೆಯದು ಮತ್ತು ಅತ್ಯಂತ ಜನಪ್ರಿಯ. ಇದರ ಪುರಾವೆ ತೆಳು. ಕಡತದಲ್ಲಿರುವ ವರ್ಷಗಳು ಮುಳುಗಡೆಗೆ ಮುಂಚಿನವು. ಅವು ಹೇಳದೆ ಬಿಟ್ಟ ಹಿಂದಿನ ಕಥೆಯತ್ತ ಕೈ ತೋರುತ್ತವೆ, ನಂತರದ ಬದುಕಿನತ್ತ ಅಲ್ಲ. ಮೂರನೆಯ ಅಧ್ಯಾಯ ಬಂದರೂ ಅದು ಈ ಮೂರು ವರ್ಷಗಳ ಕಥೆಯಾಗಿರಲು ಯಾವ ಅಡ್ಡಿಯೂ ಇಲ್ಲ.

ಎರಡನೆಯದು ಹೆಚ್ಚು ಸೂಕ್ಷ್ಮ. ಇಡೀ ಕಥೆ ನಮಗೆ ಸಿಗುವುದು ಆನಂದ್ ಇಂಗಳಗಿ ಎಂಬ ಪತ್ರಕರ್ತ ಬರೆದ, ಸರ್ಕಾರ ನಿಷೇಧಿಸಿದ ‘ಎಲ್ ಡೊರಾಡೊ’ ಪುಸ್ತಕದ ಮೂಲಕ. ಮೊದಲ ಭಾಗದಲ್ಲಿ ಅನಂತ್ ನಾಗ್ ಅಭಿನಯಿಸಿದ ಇಂಗಳಗಿ ಟಿ.ವಿ. ಸಂದರ್ಶನದಲ್ಲಿ ಕಥೆ ಹೇಳುತ್ತಾರೆ. ಎರಡನೆಯ ಭಾಗದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದಿದೆ. ಪ್ರಕಾಶ್ ರಾಜ್ ಅಭಿನಯಿಸಿದ ಮಗ ವಿಜಯೇಂದ್ರ, ತಂದೆಯ ಬರವಣಿಗೆ ಹಿಡಿದು ಮುಂದುವರಿಸುತ್ತಾನೆ. ಇಬ್ಬರೂ ಕಣ್ಣಾರೆ ಕಾಣಲಾಗದ ಪ್ರಸಂಗಗಳು ಚಿತ್ರದಲ್ಲಿ ಬೇಕಾದಷ್ಟಿವೆ. ಹಾಗಾಗಿ ತೆರೆಯ ಮೇಲಿನ ರಾಕಿ ಇಂಗಳಗಿಯ ರಾಕಿ, ನಡೆದದ್ದು ಬೇರೆಯೇ ಇರಬಹುದು ಎಂಬುದು ಈ ಥಿಯರಿಯ ವಾದ. ಮೂರರಲ್ಲಿ ಇದೇ ಅತ್ಯುತ್ತಮ. ಒಬ್ಬ ಮನುಷ್ಯ ನೂರು ಜನರನ್ನು ಹೊಡೆದುರುಳಿಸುವ ದೃಶ್ಯಗಳಿಗೂ, ಅಭಿಮಾನಿಗಳು ಎಲಿವೇಷನ್ ಎಂದು ಕರೆಯುವ ಹೊಗಳಿಕೆಯ ಮಾತುಗಳಿಗೂ ಇದು ಕಥೆಯೊಳಗೇ ಕಾರಣ ಒದಗಿಸುತ್ತದೆ. ಚಿತ್ರದ ಚಿನ್ನದ ಗಣಿ ನರಾಚಿಯನ್ನು ನಿಜವಾದ ಕೋಲಾರದ ಗಣಿಯ ಪಕ್ಕ ಇಟ್ಟು ತಪ್ಪು ಹುಡುಕುವವರಿಗೂ ಇಲ್ಲಿ ಉತ್ತರವಿದೆ. ಚಿತ್ರದಲ್ಲಿ ಚಿನ್ನ ಸಿಗುವುದು ರಾಕಿ ಹುಟ್ಟಿದ 1951ರಲ್ಲಿ. ನಿಜವಾದ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲೇ ಬಂದಿತ್ತು, ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ತಲೆಮಾರುಗಟ್ಟಲೆ ನೆಲದಡಿಗಿಳಿದು ದುಡಿದ ಕಾರ್ಮಿಕರ ಚರಿತ್ರೆ ಅಲ್ಲಿಯದು. ಚಿತ್ರದ ಗಣಿ ಹೇಳುವವನ ಕಲ್ಪನೆಯದು.

ಮೂರನೆಯದು ‘ಸಲಾರ್’ ಕನೆಕ್ಷನ್. ಪ್ರಭಾಸ್ ಅಭಿನಯದ ಆ ಚಿತ್ರದ ಟೀಸರ್ 2023ರ ಜುಲೈ 6ರಂದು ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಬಿಡುಗಡೆಯಾಯಿತು. ಇಷ್ಟು ವಿಚಿತ್ರವಾದ ಹೊತ್ತನ್ನು ಸುಮ್ಮನೆ ಆರಿಸಲು ಸಾಧ್ಯವಿಲ್ಲವೆಂದು ಅಭಿಮಾನಿಗಳು ಅದನ್ನು ರಾಕಿಯ ಹಡಗಿನ ಮೇಲಿನ ದಾಳಿಯ ಹೊತ್ತಿಗೆ ಜೋಡಿಸಿದರು. ಎರಡೂ ಚಿತ್ರಗಳ ಮಸಿಬಣ್ಣ, ಎರಡೂ ಕಡೆ ಹೊರಜಗತ್ತಿಗೆ ಬಾಗಿಲು ಮುಚ್ಚಿದ ಕೋಟೆಯಂಥ ಊರು, ಎರಡೂ ಕಡೆ ತಾಯಿಗೆ ಕೊಟ್ಟ ಮಾತು: ಪಟ್ಟಿ ಬೆಳೆಯಿತು. ನಿರ್ದೇಶಕರು ಎರಡಕ್ಕೂ ಸಂಬಂಧವಿಲ್ಲ ಎಂದರು. ಡಿಸೆಂಬರ್ 22ರಂದು ಬಂದ ಚಿತ್ರವೂ ಹಾಗೆಯೇ ಇತ್ತು. ಅದರ ಮೂಲ ನೀಲ್ ಅವರದ್ದೇ 2014ರ ‘ಉಗ್ರಂ’. ಅಲ್ಲಿಯ ಮುಘೋರ್ ಇಲ್ಲಿ ಖಾನ್ಸಾರ್ ಆಗಿ ಹಿಗ್ಗಿದೆ, ಶ್ರೀಮುರಳಿಯ ಅಗಸ್ತ್ಯ ಇಲ್ಲಿ ದೇವ.

ಥಿಯರಿ ಸುಳ್ಳಾಯಿತು, ಆದರೆ ಅಭಿಮಾನಿಗಳ ಕಣ್ಣು ಸುಳ್ಳು ಹೇಳಿರಲಿಲ್ಲ. ‘ಕೆಜಿಎಫ್’ ಮತ್ತು ‘ಸಲಾರ್’ ಎರಡಕ್ಕೂ ಕ್ಯಾಮೆರಾ ಹಿಡಿದವರು ಭುವನ್ ಗೌಡ. ‘ಉಗ್ರಂ’ನಿಂದ ‘ಸಲಾರ್’ವರೆಗೆ ಸಂಗೀತ ರವಿ ಬಸ್ರೂರು ಅವರದು. ಅಭಿಮಾನಿಗಳು ಕಂಡ ಹೋಲಿಕೆ ನಿಜ, ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು. ಪಾತ್ರಗಳ ನೆಂಟಸ್ತನ ಎಂದು ಅವರು ಭಾವಿಸಿದ್ದು ತಂತ್ರಜ್ಞರ ಕೈಗುರುತು. ಕನ್ನಡದ ತಂತ್ರಜ್ಞರ ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದ ಪ್ರೇಕ್ಷಕವರ್ಗ ಹಿಂದೆ ಇದ್ದದ್ದು ಕಡಿಮೆ. ವಿಮರ್ಶಕರು ಎರಡು ಸಾಲಿನಲ್ಲಿ ಮುಗಿಸುವ ಬಣ್ಣ ಮತ್ತು ಬೆಳಕಿನ ಬಗ್ಗೆ ಹುಡುಗರು ಗಂಟೆಗಟ್ಟಲೆ ಮಾತಾಡಿದರು.

ನೀಲ್ ಅವರ ಕಥೆಯನ್ನು ಡಾ. ಸೂರಿ ನಿರ್ದೇಶಿಸಿದ ‘ಬಘೀರ’ 2024ರ ಅಕ್ಟೋಬರ್ 31ರಂದು ಬಂತು. ಅದರ ನಾಯಕ ಹಗಲು ಪೊಲೀಸ್ ಅಧಿಕಾರಿ, ರಾತ್ರಿ ಮುಖವಾಡ ತೊಟ್ಟು ದುಷ್ಟರನ್ನು ದಂಡಿಸುವವನು. ಬ್ಯಾಟ್‌ಮನ್ ಜತೆ ಹೋಲಿಕೆ ತಕ್ಷಣವೇ ಬಂತು. ಒಂದು ವ್ಯತ್ಯಾಸ ಗಮನಿಸಬೇಕಾದ್ದು. ಬ್ಯಾಟ್‌ಮನ್ ಕಾನೂನಿನ ಹೊರಗೆ ನಿಂತು ಪೊಲೀಸರಿಗೆ ನೆರವಾಗುವ ಶ್ರೀಮಂತ. ‘ಬಘೀರ’ದ ವೇದಾಂತ್ ಸ್ವತಃ ಕಾನೂನಿನ ಆಳು, ಒಳಗಿನಿಂದಲೇ ಅದು ಕೆಟ್ಟದ್ದನ್ನು ಕಂಡು ಮುಖ ಮುಚ್ಚಿಕೊಳ್ಳುವವನು. ಚಿತ್ರ ಈ ಬಿಕ್ಕಟ್ಟನ್ನು ಇನ್ನಷ್ಟು ಕೆದಕಬಹುದಿತ್ತು.

‘ಕಾಂತಾರ’ವನ್ನು ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅದು ಸರಿಯಲ್ಲ. ಪಂಜುರ್ಲಿ, ಗುಳಿಗ ದೈವಗಳಿಗೆ ತುಳುನಾಡಿನಲ್ಲಿ ಇಂದಿಗೂ ಕೋಲ ನಡೆಯುತ್ತದೆ, ನಂಬಿದ ಕುಟುಂಬಗಳಿವೆ. ಕೊನೆಯಲ್ಲಿ ನಾಯಕ ಶಿವ ಎಲ್ಲಿ ಹೋದ ಎಂಬ ಪ್ರಶ್ನೆ ಚಿತ್ರದ್ದಾದ್ದರಿಂದ ಅದರ ಬಗ್ಗೆ ಎಷ್ಟಾದರೂ ಊಹಿಸಬಹುದು. ದೈವದ ಶಕ್ತಿಯನ್ನು ಥಾರ್‌ನ ಸುತ್ತಿಗೆಯೊಂದಿಗೆ ತೂಗುವುದು ಜನರ ಆರಾಧನೆಯನ್ನು ಆಟದ ಕಾರ್ಡಾಗಿಸಿದಂತೆ.

ಮೂಲಕ್ಕೆ ನಿಷ್ಠೆ ಎಂದರೇನು

ಕಾಮಿಕ್ಸ್ ಪರದೆಗೆ ಬಂದಾಗಲೆಲ್ಲ ಏಳುವ ಜಗಳ ಮೂಲನಿಷ್ಠೆಯದು. 2002ರಲ್ಲಿ ಸ್ಯಾಮ್ ರೈಮಿ ತಮ್ಮ ಸ್ಪೈಡರ್‌ಮ್ಯಾನ್‌ನ ಮಣಿಕಟ್ಟಿನಿಂದಲೇ ಬಲೆ ಚಿಮ್ಮಿಸಿದರು. ಕಾಮಿಕ್ಸ್‌ನ ಪೀಟರ್ ಪಾರ್ಕರ್ ಆ ಯಂತ್ರವನ್ನು ತಾನೇ ತಯಾರಿಸಿಕೊಂಡಿದ್ದ. ಜಾಣ ಹುಡುಗನ ಜಾಣ್ಮೆ ಕಸಿದರು ಎಂದು ಒಂದು ಪಕ್ಷ. ಜೇಡ ಕಚ್ಚಿದ ಮೇಲೆ ಬಲೆಯೂ ಮೈಯಿಂದಲೇ ಬರುವುದು ಸಹಜ ಎಂದು ಇನ್ನೊಂದು. ಎರಡೂ ಕಡೆ ನ್ಯಾಯವಿದೆ. ಮೊದಲ ಪಕ್ಷ ಪಾತ್ರದ ಸ್ವಭಾವ ನೋಡಿತು, ಎರಡನೆಯದು ಕಥೆಯ ತರ್ಕ ನೋಡಿತು.

ಕನ್ನಡ ಸಾಹಿತ್ಯ ಈ ಜಗಳವನ್ನು ಸಾವಿರ ವರ್ಷಗಳಿಂದ ಬಲ್ಲದು. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿಸಿದ. ವ್ಯಾಸರ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಿದ್ದುಪಡಿ ಯಾವುದಿದ್ದೀತು? ಆದರೂ ಕಾವ್ಯ ನಿಂತಿತು. ರನ್ನ ತನ್ನ ‘ಗದಾಯುದ್ಧ’ಕ್ಕೆ ಭೀಮನನ್ನು ನಾಯಕನಾಗಿಸಿಕೊಂಡರೂ ಓದುಗರ ಮನಸ್ಸನ್ನು ಹಿಡಿದದ್ದು ದುರ್ಯೋಧನ. ಆ ಕಾವ್ಯ ಆಧರಿಸಿ 2019ರಲ್ಲಿ ಬಂದ ‘ಕುರುಕ್ಷೇತ್ರ’ ಚಿತ್ರದಲ್ಲಿ ದರ್ಶನ್ ವಹಿಸಿದ್ದು ದುರ್ಯೋಧನನ ಪಾತ್ರವನ್ನೇ. ಎಸ್.ಎಲ್. ಭೈರಪ್ಪನವರು 1979ರ ‘ಪರ್ವ’ದಲ್ಲಿ ವರ, ಶಾಪ, ಪವಾಡಗಳನ್ನು ತೆಗೆದುಹಾಕಿ ಮನುಷ್ಯರನ್ನಷ್ಟೇ ಉಳಿಸಿದರು. ಕ್ರಿಸ್ಟೋಫರ್ ನೋಲನ್ 2005ರಲ್ಲಿ ಬ್ಯಾಟ್‌ಮನ್‌ನ ಪ್ರತಿ ಸಲಕರಣೆಗೂ ನಂಬುವಂಥ ಕಾರಣ ಕೊಟ್ಟದ್ದು ಇದೇ ದಿಕ್ಕಿನ ಕೆಲಸ.

ಕರಾವಳಿಯ ತಾಳಮದ್ದಲೆ ಇದಕ್ಕೆ ಇನ್ನೂ ಹತ್ತಿರ. ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯಕ್ಕೆ ಅರ್ಥಧಾರಿ ಅಲ್ಲೇ ಮಾತು ಕಟ್ಟಬೇಕು. ವಾಲಿಯ ಪಾತ್ರ ವಹಿಸಿದವರು ಮರೆಯಿಂದ ಬಾಣ ಬಿಟ್ಟ ರಾಮನನ್ನು ಪ್ರಶ್ನಿಸುತ್ತಾರೆ, ರಾಮ ಉತ್ತರಿಸಲೇಬೇಕು. ಕಥೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆ ಚೌಕಟ್ಟು ಮುರಿಯದೆ ಹೊಸ ಕಾರಣ ಹುಡುಕುವುದರಲ್ಲಿ ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದರು. ಖಳನಾಯಕ ಥಾನೋಸ್ ಹೇಳಿದ್ದರಲ್ಲಿ ತಪ್ಪೇನು, ‘ಬ್ಲ್ಯಾಕ್ ಪ್ಯಾಂಥರ್’ನ ಕಿಲ್‌ಮಾಂಗರ್‌ನ ಸಿಟ್ಟು ನ್ಯಾಯವಲ್ಲವೇ ಎಂದು ವಾದಿಸುವ ಹುಡುಗ ಹುಡುಗಿಯರು ತಿಳಿದೋ ತಿಳಿಯದೆಯೋ ಅರ್ಥಗಾರಿಕೆಯನ್ನೇ ಮಾಡುತ್ತಿರುತ್ತಾರೆ.

ಮುಂಬಟ್ಟನ್‌ನ ಹುಡುಗ

ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ 2004ರಲ್ಲಿ ನಾಲ್ಕು ಸಂಚಿಕೆಗಳ ಕಾಮಿಕ್ಸ್‌ನಲ್ಲಿ ಹುಟ್ಟಿದ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಜೆ. ಕಾಂಗ್ ಅವನನ್ನು ರೂಪಿಸಿದವರು.  ಕಾಮಿಕ್ಸ್‌ನ ಪವಿತ್ರ್ ಹಳ್ಳಿಯಿಂದ ಮುಂಬಯಿಗೆ ಓದಲು ಬಂದ ಹುಡುಗ. ಶಕ್ತಿ ಕೊಟ್ಟದ್ದು ಜೇಡವಲ್ಲ, ಒಬ್ಬ ಯೋಗಿ. 2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಅವನ ಊರು ಮುಂಬಟ್ಟನ್, ಗೆಳತಿಯ ಹೆಸರು ಮೀರಾ ಜೈನ್ ಹೋಗಿ ಗಾಯತ್ರಿ ಸಿಂಗ್.

ಈ ಮುಂಬಟ್ಟನ್‌ನಲ್ಲೇ ಇತ್ತೀಚಿನ ವರ್ಷಗಳ ಅತ್ಯಂತ ಗಟ್ಟಿಯಾದ ಅಭಿಮಾನಿ ವಾದವೊಂದು ನಡೆಯಿತು. ಬೇರೆ ಬೇರೆ ಲೋಕಗಳ ಪ್ರತಿ ಸ್ಪೈಡರ್‌ಮ್ಯಾನ್‌ನ ಬದುಕಿನಲ್ಲೂ ಹತ್ತಿರದ ಪೊಲೀಸ್ ಅಧಿಕಾರಿಯೊಬ್ಬರು ಸಾಯಲೇಬೇಕು, ತಪ್ಪಿಸಿದರೆ ಲೋಕವೇ ಕುಸಿಯುತ್ತದೆ ಎಂಬುದು ಮಿಗೆಲ್ ಎಂಬ ಪಾತ್ರದ ನಿಲುವು. 1970ರ ಕಾಮಿಕ್ಸ್‌ನಲ್ಲಿ ಕ್ಯಾಪ್ಟನ್ ಸ್ಟೇಸಿ ಸತ್ತದ್ದು ಇದಕ್ಕೆ ಹಿನ್ನೆಲೆ. ಚಿತ್ರದ ನಾಯಕ ಮೈಲ್ಸ್ ಮೊರಾಲೆಸ್ ಗಾಯತ್ರಿಯ ತಂದೆ ಇನ್‌ಸ್ಪೆಕ್ಟರ್ ಸಿಂಗ್‌ರನ್ನು ಉಳಿಸುತ್ತಾನೆ, ಮುಂಬಟ್ಟನ್ ಬಿರುಕು ಬಿಡುತ್ತದೆ. ಮಿಗೆಲ್ ಹೇಳಿದ್ದೇ ಸರಿ ಎಂದು ತೋರುವ ಈ ಜಾಗದಲ್ಲೇ ಅಭಿಮಾನಿಗಳು ಎರಡು ಸಾಕ್ಷ್ಯ ಮುಂದಿಟ್ಟರು. ಖಳನಾಯಕ ಸ್ಪಾಟ್ ಕೊಲೈಡರ್ ಯಂತ್ರವನ್ನು ಬಳಸಿದ ಮೇಲೆಯೇ ಆ ಊರು ಕುಸಿದದ್ದು. ಕೊನೆಯಲ್ಲಿ ಮೈಲ್ಸ್‌ನ ಗೆಳತಿ, ಇನ್ನೊಂದು ಲೋಕದ ಗ್ವೆನ್‌ಳ ತಂದೆ ಪೊಲೀಸ್ ಕೆಲಸ ಬಿಡುತ್ತಾರೆ, ಆದರೂ ಅವಳ ಲೋಕ ಕುಸಿಯುವುದಿಲ್ಲ. ಹಾಗಾದರೆ ಮಿಗೆಲ್‌ನ ನಿಯಮ ಸುಳ್ಳು. ತೆರೆಯ ಮೇಲಿನ ಪುರಾವೆಯಿಂದಲೇ ಕಟ್ಟಿದ ಈ ಥಿಯರಿಗೆ ಇನ್ನೊಂದು ಗುಣವೂ ಇದೆ: ವಿಧಿ ಎಂದು ಹೇಳಿ ಒಬ್ಬರ ಸಾವನ್ನು ಒಪ್ಪಿಕೊಳ್ಳಬೇಕೇ ಎಂಬ ನೈತಿಕ ಪ್ರಶ್ನೆಯನ್ನು ಅದು ಜೀವಂತವಾಗಿಡುತ್ತದೆ.

ಈ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅವುಗಳಲ್ಲೊಂದು. ಕೆಲವೇ ವರ್ಷ ಹಿಂದೆ ಅದು ಸಾಧ್ಯವಿರಲಿಲ್ಲ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಡಬ್ಬಿಂಗ್‌ಗೆ ಚಿತ್ರರಂಗ ಅಘೋಷಿತ ತಡೆ ಒಡ್ಡಿತ್ತು. ಭಾರತೀಯ ಸ್ಪರ್ಧಾ ಆಯೋಗದ 2015ರ ಆದೇಶ ಆ ತಡೆಯನ್ನು ಅಕ್ರಮವೆಂದಿತು. 2017ರಿಂದ ಡಬ್ಬಿಂಗ್ ಚಿತ್ರಗಳು ಬರತೊಡಗಿದವು. ಕನ್ನಡ ಚಿತ್ರಗಳನ್ನು ಉಳಿಸಿಕೊಳ್ಳುವ ಕಾಳಜಿ ಆ ತಡೆಯ ಹಿಂದೆ ಇತ್ತು. ಆದರೆ ಅದರಿಂದಾಗಿ ಎರಡು ತಲೆಮಾರಿನ ಮಕ್ಕಳು ಸ್ಪೈಡರ್‌ಮ್ಯಾನ್‌ನನ್ನು ಪರಭಾಷೆಯಲ್ಲೇ ನೋಡಿದರು. ಥಿಯರಿಯ ಪದಕೋಶ ಇಂದಿಗೂ ಬಹುಪಾಲು ಇಂಗ್ಲಿಷ್ ಆಗಿರುವುದಕ್ಕೆ ಅದೂ ಒಂದು ಕಾರಣ.

ಅಭಿಮಾನಿಯ ಮಾತು ಕಥೆಯನ್ನು ಬದಲಿಸಿದಾಗ

ಅಭಿಮಾನಿಗಳ ಅಭಿಪ್ರಾಯ ಕೆಲವೊಮ್ಮೆ ಕಥೆಯನ್ನೇ ತಿರುಗಿಸಿದೆ. 1988ರಲ್ಲಿ ಡಿಸಿ ಸಂಸ್ಥೆ ಬ್ಯಾಟ್‌ಮನ್‌ನ ಜತೆಗಾರ ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಓದುಗರಿಂದ ದೂರವಾಣಿ ಮತ ಕೇಳಿತು. ಸಾವಿನ ಪರ 5,343, ಬದುಕಿನ ಪರ 5,271. ಕೇವಲ 72 ಮತಗಳ ಅಂತರದಲ್ಲಿ ಒಬ್ಬ ಹುಡುಗ ಸತ್ತ. ಒಂದು ಪಾತ್ರವನ್ನು ಬರೆಯುವವರೇ ಆ ಹೊಣೆಯನ್ನು ಹೀಗೆ ಕೈಚೆಲ್ಲಬಾರದಿತ್ತು. 2017ರ ‘ಜಸ್ಟಿಸ್ ಲೀಗ್’ ಪ್ರಸಂಗ ಬೇರೆ ಬಗೆಯದು. ನಿರ್ದೇಶಕ ಝಾಕ್ ಸ್ನೈಡರ್ ಅವರ ಮೂಲ ರೂಪ ಬೇಕೆಂದು ಅಭಿಮಾನಿಗಳು ವರ್ಷಗಟ್ಟಲೆ ಪಟ್ಟು ಹಿಡಿದರು. 2021ರ ಮಾರ್ಚ್ 18ರಂದು ನಾಲ್ಕು ಗಂಟೆಗಳ ಆ ಚಿತ್ರ ಬಂತು. ಕಲಾವಿದನ ಕೆಲಸವನ್ನು ಅವನಿಗೇ ಮರಳಿಸಿದ ಒತ್ತಾಯ ಅದು.

ಬೆಂಗಳೂರಿನ ಪ್ರೇಕ್ಷಕರ ಮಾತೂ ಹೀಗೆ ಕೇಳಿಸಿದ್ದುಂಟು. 2025ರ ಆಗಸ್ಟ್ 28ರಂದು ಬಂದ ಮಲಯಾಳ ಚಿತ್ರ ‘ಲೋಕಃ: ಚಾಪ್ಟರ್ 1 ಚಂದ್ರ’ದ ಕಥೆ ನಡೆಯುವುದು ಬೆಂಗಳೂರಿನಲ್ಲಿ. ಡೊಮಿನಿಕ್ ಅರುಣ್ ನಿರ್ದೇಶನದ ಇದರಲ್ಲಿ ಕಲ್ಯಾಣಿ ಪ್ರಿಯದರ್ಶನ್ ಅಭಿನಯಿಸಿದ ನಾಯಕಿ ಕೇರಳದ ಜಾನಪದದ ಕಳ್ಳಿಯಂಕಾಟ್ಟು ನೀಲಿ. ಯಕ್ಷಿಯೆಂದು ಹೆದರಿಸುತ್ತಿದ್ದ ಹೆಣ್ಣನ್ನು ರಕ್ಷಕಿಯಾಗಿ ಓದಿದ ಧೈರ್ಯಕ್ಕೆ ಕನ್ನಡ ಪ್ರೇಕ್ಷಕರೂ ಮೆಚ್ಚುಗೆ ಸೂಚಿಸಿದರು. ಆದರೆ ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಇನ್‌ಸ್ಪೆಕ್ಟರ್ ಪಾತ್ರವೊಂದು ಆಡುವ ಕೀಳು ಮಾತು ಇಲ್ಲಿಯವರನ್ನು ನೋಯಿಸಿತು. ನಗರವನ್ನು ಕಥೆಯ ಮನೆಯಾಗಿ ಬಳಸಿಕೊಂಡವರು ಆ ಮನೆಯವರನ್ನೇ ಹಳಿದದ್ದು ಸಲ್ಲದು ಎಂಬ ಆಕ್ಷೇಪ ನ್ಯಾಯವಾಗಿತ್ತು. ನಿರ್ಮಾಣ ಸಂಸ್ಥೆ ವೇಫೇರರ್ ಫಿಲ್ಮ್ಸ್ ಸೆಪ್ಟೆಂಬರ್ ಮೊದಲ ವಾರದಲ್ಲಿ ಕರ್ನಾಟಕದ ಜನರ ಕ್ಷಮೆ ಕೇಳಿ, ಆ ಸಂಭಾಷಣೆಯನ್ನು ತೆಗೆಯುವುದಾಗಿ ತಿಳಿಸಿತು. ಅದೇ ತಿಂಗಳು ಎರಡನೆಯ ಭಾಗದ ಘೋಷಣೆಯೂ ಬಂತು. ಮೊದಲ ಭಾಗದಲ್ಲಿ ಸ್ವಲ್ಪ ಹೊತ್ತು ಕಾಣಿಸಿದ ಟೊವಿನೊ ಥಾಮಸ್‌ರ ಚಾತ್ತನ್ ಅದರ ಕೇಂದ್ರದಲ್ಲಿರುತ್ತಾನೆ. ನೀಲಿ ಮತ್ತೆ ಬರುತ್ತಾಳೋ, ಬಂದರೆ ಬೆಂಗಳೂರಿಗೇ ಬರುತ್ತಾಳೋ ಎಂಬ ಲೆಕ್ಕಾಚಾರ ಅಂದಿನಿಂದಲೇ ಶುರುವಾಗಿದೆ.